ನಾಲ್ಕನೆಯ ಟ್ಯಾಂಕಿನ ವಿಳಾಸ

ಜವರಪ್ಪನವರು ಹಾಲಿನ ಟ್ಯಾಂಕಿಗೆ ಕೈಯ ಹಿಂಬದಿಯನ್ನು ತಾಗಿಸಿ ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಒಂದು ಕ್ಷಣ ತಾಗಿಸಿ, ತಲೆಯಾಡಿಸಿ, ಆಮೇಲೆ ಗೋಡೆಯ ಪರದೆಯತ್ತ ತಿರುಗುತ್ತಿದ್ದರು. ಕಾವು ಎಷ್ಟೆಂದು ಪರದೆಯೇ ತೋರಿಸುವಾಗ ಮುಟ್ಟುವುದೇಕೆಂದು ನಾನು ತಮಾಷೆ ಮಾಡಿದರೆ, "ಅಭ್ಯಾಸ ಕಣಮ್ಮ, ಬಿಡಕ್ಕಾಗಲ್ಲ" ಎನ್ನುತ್ತಿದ್ದರು.

ಆ ಊರಿನ ಡೇರಿಯಲ್ಲಿ ನಾನು ಕಂಟ್ರೋಲರುಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದೊಂದು ಟ್ಯಾಂಕಿನ ಪಕ್ಕದಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗಿನ ಕಂಟ್ರೋಲರು ಹಾಲು ಎಷ್ಟು ಕಾದಿದೆಯೆಂದು ಅಳೆದು ಪರದೆಗೆ ತಿಳಿಸುತ್ತಿತ್ತು. ಯಾವ ಪೆಟ್ಟಿಗೆಯ ಮಾತು ಯಾವುದೆಂದು ಗೊತ್ತಾಗಲು ಪ್ರತಿಯೊಂದಕ್ಕೂ ಅಂಕಿಗಳ ಒಂದು ಬೇರೆ ವಿಳಾಸ. ವಿಳಾಸ ಕೊಡುವವಳು ನಾನು. ಇಡೀ ಡೇರಿಯಲ್ಲಿ ಆ ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ, ಅದರ ಜಂಬವೂ ನನಗೆ ಸಾಕಷ್ಟಿತ್ತು.

ಒಂದು ಬೆಳಿಗ್ಗೆ ಅರ್ಧ ಊರಿನ ಹಾಲು ಒಲೆಯ ಮೇಲೆಯೇ ಒಡೆಯಿತು. ಹೆಂಗಸರು ಪಾತ್ರೆ ಸಮೇತ ಡೇರಿಯ ಗೇಟಿಗೆ ಬಂದರು. ನಾಲ್ಕನೆಯ ಟ್ಯಾಂಕಿನ ಹಾಲು ಸರಿಯಾಗಿ ಕಾಯದೆಯೇ ಪ್ಯಾಕೆಟ್ ಸೇರಿದೆಯೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಆ ಪಾಳಿಯಲ್ಲಿ ಟ್ಯಾಂಕು ತೆರೆದವರು ಜವರಪ್ಪ. ಮಧ್ಯಾಹ್ನದೊಳಗೆ ಅವರನ್ನು ಮನೆಗೆ ಕಳಿಸಿದರು, ಹನ್ನೆರಡನೆಯ ದಿನ ವಿಚಾರಣೆ ಎಂದರು. ತಪ್ಪು ಸಾಬೀತಾದರೆ ಇಪ್ಪತ್ತಾರು ವರ್ಷದ ನೌಕರಿ ಹೋದಂತೆಯೇ.

"ಹಾಲು ಬೆಚ್ಚಗೈತೆ ಅಷ್ಟೆ, ಕಾದಿಲ್ಲ ಅಂದೆ ಕಣಮ್ಮ," ಎಂದರು ಅವರು ಗೇಟಿನ ಹತ್ತಿರ. "ಪಟ್ಟಾಭಿ ಸಾರ್ ಪರದೆ ತೋರ್ಸಿ, ಎಪ್ಪತ್ತೆರಡು ಡಿಗ್ರಿ ಇದೆ, ಅಷ್ಟು ಕಾದ್ರೆ ಸಾಕು, ಲಾರಿ ಕಾಯ್ತಾ ಇದೆ, ಬಿಡು ಅಂದ್ರು. ಬಿಟ್ಟೆ."

ಪಟ್ಟಾಭಿ ನಮ್ಮ ಮ್ಯಾನೇಜರು. ಅಂಥ ಮಾತನ್ನು ತಾವು ಆಡಿಯೇ ಇಲ್ಲವೆಂದು ಬರೆದುಕೊಟ್ಟಿದ್ದರು. ನಾನು ಯಾರ ಮಾತನ್ನು ನಂಬಿದೆ? ನನ್ನ ಪರದೆಯನ್ನು. ಅದು ತಪ್ಪು ಹೇಳುವುದಿಲ್ಲ, ಮುದುಕರ ಕೈ ಜಡ್ಡುಗಟ್ಟಿದೆ, ಅಂಕಿ ಏರುವ ಮೊದಲೇ ಟ್ಯಾಂಕು ತೆರೆದಿದ್ದಾರೆ ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆ ದಿನದಿಂದ ಹಾಲು ಕಾಯಿಸುವ ವಿಭಾಗಕ್ಕೆ ಬೀಗ ಬಿದ್ದಿತ್ತು. ಹತ್ತನೆಯ ದಿನ ಬೀಗ ತೆಗೆಸಿ, ಎಲ್ಲವನ್ನೂ ತೊಳೆಸಲು ಒಂಬತ್ತನೆಯ ಟ್ಯಾಂಕಿನಲ್ಲಿ ಬಿಸಿನೀರು ಕಾಯಿಸಿದೆವು. ಒಂಬತ್ತನೆಯದು ಹೊಸ ಟ್ಯಾಂಕು, ಹಾಲು ಒಡೆದ ಹಿಂದಿನ ದಿನವಷ್ಟೇ ಕೂರಿಸಿದ್ದು. ನೀರು ಕಾಯುತ್ತಿದ್ದಂತೆ ಪರದೆಯ ಮೇಲೆ ನಾಲ್ಕನೆಯ ಟ್ಯಾಂಕಿನ ಅಂಕಿ ಏರತೊಡಗಿತು. ನಲವತ್ತು, ಅರವತ್ತು, ಎಪ್ಪತ್ತೆರಡು. ನಾಲ್ಕನೆಯ ಟ್ಯಾಂಕು ಖಾಲಿ ಇತ್ತು. ಹೋಗಿ ಕೈಯ ಹಿಂಬದಿ ತಾಗಿಸಿದೆ. ತಣ್ಣಗಿತ್ತು.

ಆಗ ನೆನಪಾಯಿತು. ಹೊಸ ಪೆಟ್ಟಿಗೆ ಬಂದಾಗ ಹಳೆಯದೊಂದರ ಪ್ರೋಗ್ರಾಮನ್ನು ವಿಳಾಸ ಸಮೇತ ನಕಲು ಮಾಡಿ ತುಂಬಿಸುವುದು, ಆಮೇಲೆ ವಿಳಾಸದ ಕೊನೆಯ ಅಂಕಿಯನ್ನು ಬದಲಾಯಿಸುವುದು ನಮ್ಮ ಪದ್ಧತಿ. ಒಂಬತ್ತನೆಯದಕ್ಕೆ ನಾಲ್ಕನೆಯದರ ನಕಲು ತುಂಬಿಸಿದ್ದೆ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು, ಎದ್ದು ಹೋದೆ. ಅಂಕಿ ಬದಲಾಯಿಸಲಿಲ್ಲ. ಒಂದೇ ಹೆಸರಿನ ಇಬ್ಬರು ಒಟ್ಟಿಗೆ ಓಗೊಟ್ಟ ಹಾಗೆ ಎರಡು ಪೆಟ್ಟಿಗೆಗಳೂ ನಾಲ್ಕನೆಯದರ ವಿಳಾಸದಿಂದ ಉತ್ತರಿಸುತ್ತಿದ್ದವು, ಪರದೆ ಹೊಸದರ ಉತ್ತರವನ್ನೇ ಹಿಡಿದಿತ್ತು. ಹಾಲು ಒಡೆದ ದಿನವೂ ಪರದೆ ತೋರಿಸಿದ್ದು, ಹೊಸ ಟ್ಯಾಂಕನ್ನು ತೊಳೆಯಲೆಂದು ಒಂಬತ್ತನೆಯದರಲ್ಲಿ ಕಾಯಿಸಿದ್ದ ನೀರಿನ ಕಾವನ್ನು.

ನೆಟ್ಟಗೆ ಪಟ್ಟಾಭಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಹಾಕಿದರು.

"ಒಂದು ನಂಬರ್ ತಾನೇ? ಈಗಲೇ ಬದಲಾಯಿಸಿಬಿಡು. ಯಾರಿಗೂ ಗೊತ್ತಾಗಲ್ಲ."

"ಜವರಪ್ಪನವರು?"

"ವಯಸ್ಸಾಯ್ತು. ಹೇಗೂ ಹೋಗೋರೇ. ನೀನು ಇನ್ನೂ ಚಿಕ್ಕವಳು, ನಿನ್ನ ತಲೆ ಮೇಲೆ ನೀನೇ ಯಾಕೆ ಚಪ್ಪಡಿ ಎಳ್ಕೋತೀಯ?"

ಆ ಕರುಣೆ ನನ್ನ ಮೇಲಿನದಲ್ಲವೆಂದು ನನಗೆ ಆಗ ಹೊಳೆಯಿತು. ಪರದೆ ತಪ್ಪೆಂದು ಗೊತ್ತಾದರೆ, ಮುದುಕರು ಎಚ್ಚರಿಸಿದ ಮೇಲೂ ಲಾರಿ ಕಳಿಸಿದವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಮೈಯೆಲ್ಲ ಉರಿದುಹೋಯಿತು.

"ವಿಚಾರಣೆಯವರು ಕಣ್ಣಾರೆ ನೋಡುವ ತನಕ ಆ ನಂಬರು ಹಾಗೇ ಇರುತ್ತೆ ಸಾರ್," ಎಂದೆ. "ನೀವು ಬದಲಾಯಿಸೋದಾದ್ರೆ ಬದಲಾಯಿಸಿ."

ಅವರಿಗೆ ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮರುದಿನವಿಡೀ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಊಟಕ್ಕೆ ಕರೆದರು, ಏಳಲಿಲ್ಲ.

ಹನ್ನೆರಡನೆಯ ದಿನ ಆಡಳಿತ ಮಂಡಳಿಯ ಅಧ್ಯಕ್ಷೆ ದಾಕ್ಷಾಯಣಮ್ಮನವರು, ಇನ್ನಿಬ್ಬರು ಸದಸ್ಯರು ಬಂದರು. ಜವರಪ್ಪನವರನ್ನು ಕರೆಸಿ ಗೋಡೆಯ ಪಕ್ಕ ನಿಲ್ಲಿಸಿದ್ದರು. ನಾನು ಒಂಬತ್ತನೆಯದರಲ್ಲಿ ನೀರು ಕಾಯಿಸಿದೆ. ಪರದೆಯಲ್ಲಿ ನಾಲ್ಕನೆಯದು ಎಪ್ಪತ್ತೆರಡಕ್ಕೆ ಏರಿತು. "ಮುಟ್ಟಿ ನೋಡಿ ಅಮ್ಮ" ಎಂದೆ. ಅಧ್ಯಕ್ಷೆ ಖಾಲಿ ಟ್ಯಾಂಕನ್ನು ಮುಟ್ಟಿದರು, ಪರದೆ ನೋಡಿದರು, ಮತ್ತೆ ಮುಟ್ಟಿದರು.

"ಇದಕ್ಕೆ ನಂಬರ್ ಕೊಟ್ಟವರು ಯಾರು?"

"ನಾನು. ತಪ್ಪು ನನ್ನದು. ಜವರಪ್ಪನವರು ಸರಿಯಾಗೇ ಹೇಳಿದ್ರು, ಅವರ ಮಾತು ಕೇಳದೆ ಲಾರಿ ಕಳಿಸಿದ್ದು ಯಾರು ಅಂತ ಪಟ್ಟಾಭಿ ಸಾರ್‌ನ ಕೇಳಿ."

ಪಟ್ಟಾಭಿ ಬೆವರೊರೆಸಿಕೊಂಡರು. ಸಂಜೆಯೊಳಗೆ ಜವರಪ್ಪನವರಿಗೆ ಕೆಲಸ ಮರಳಿತು, ಪಟ್ಟಾಭಿಯವರಿಗೆ ನೋಟೀಸು ಬಂತು, ನನ್ನನ್ನು ಕೆಲಸದಿಂದ ತೆಗೆದರು. ಅನ್ಯಾಯವೆಂದು ನಾನು ಹೇಳಲಿಲ್ಲ, ಕ್ಷಮೆಯನ್ನೂ ಮಂಡಳಿಯವರ ಹತ್ತಿರ ಕೇಳಲಿಲ್ಲ. ಕೇಳಿದ್ದು ಜವರಪ್ಪನವರ ಹತ್ತಿರ. ಅವರು ಮುಖ ತಿರುಗಿಸಿದರು.

"ಹನ್ನೊಂದು ದಿನ ಎಲ್ರೂ ಅಂದಂಗೆ ನನ್ನ ಕೈಯ್ಯೇ ಕೆಟ್ಟೋಯ್ತು ಅನ್ಕೊಂಡಿದ್ದೆ ಕಣಮ್ಮ. ಮನೇಲಿ ಮೊಮ್ಮಗಳ ಹಣೆ ಮುಟ್ಟಕ್ಕೂ ಹೆದರ್ತಿದ್ದೆ."

ಹೊರಡುವ ಮುಂಚೆ ಒಂಬತ್ತನೆಯದರ ಅಂಕಿಯನ್ನು ಎಲ್ಲರೆದುರೇ ಬದಲಾಯಿಸಿದೆ. ಒಂದು ಹಾಳೆಯಲ್ಲಿ ಹೊಸ ವಿಳಾಸ ಬರೆದು, ಕೊಟ್ಟವರು ಎಂದು ನನ್ನ ಪೂರ್ತಿ ಹೆಸರು ಬರೆದು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದೆ.

"ಹೆಸರು ಬರೆಯೋ ಪದ್ಧತಿ ಇಲ್ಲಿಲ್ಲ," ಎಂದರು ಪಟ್ಟಾಭಿ.

"ಇನ್ಮೇಲೆ ಇರುತ್ತೆ ಸಾರ್."

ಚೀಲ ಹೆಗಲಿಗೇರಿಸುತ್ತಿದ್ದೆ. ಜವರಪ್ಪನವರು ಹಿಂದಿನಿಂದ ಬಂದು, ನನ್ನ ಮುಖ ನೋಡದೆಯೇ, "ಆ ಪೆನ್ ಕೊಡಿ ಇಲ್ಲಿ" ಎಂದರು. ನನ್ನ ಹೆಸರಿನ ಕೆಳಗೆ ಪರೀಕ್ಷಿಸಿದವರು ಎಂದು ಬರೆದು, ಒಂದೊಂದೇ ಅಕ್ಷರವನ್ನು ತಿದ್ದುತ್ತ, ಸಾವಕಾಶವಾಗಿ ತಮ್ಮ ಹೆಸರು ಬರೆದರು.