ಎಡಗಡೆಯ ಗಂಟು

ಶ್ರವಣ್ ಸೂಜಿ ಚುಚ್ಚಲು ಕಲಿತದ್ದು ಮಟ್ಟುಗುಳ್ಳ ಬದನೆಯ ಮೇಲೆ. ಮಣಿಪಾಲದ ಆಸ್ಪತ್ರೆಯ ನರ್ಸ್ ರೋಸಲಿನ್ ಕಿತ್ತಳೆ ಹಣ್ಣಿನ ಮೇಲೆ ಅಭ್ಯಾಸ ಮಾಡಲು ಹೇಳಿದ್ದರು. ಕಾಪುವಿನ ನಮ್ಮ ಮನೆಯಲ್ಲಿ ಕಿತ್ತಳೆ ಇರಲಿಲ್ಲ, ಅಡುಗೆಮನೆಯ ಬುಟ್ಟಿಯಲ್ಲಿ ಗುಳ್ಳ ಇತ್ತು. ಕೋಣೆಯ ಬಾಗಿಲು ಹಾಕಿಕೊಂಡು ಅದಕ್ಕೆ ನೀರು ಚುಚ್ಚಿದ. "ನೋವಾಯಿತಾ?" ಎಂದು ಅದನ್ನೇ ಕೇಳಿದ.

ಮರುದಿನ ಅವನ ತಾಯಿ ಅದನ್ನು ಕೊಯ್ಯುತ್ತ, "ಹೊರಗೆ ತೂತು ಉಂಟು, ಒಳಗೆ ಹುಳ ಇಲ್ಲ. ಎಂತ ಗುಳ್ಳವಾ ಇದು!" ಎಂದರು. ನನಗೆ ತುಳು ಸರಿಯಾಗಿ ಬಾರದೆಂದು ಅತ್ತೆ ನನ್ನೆದುರು ಕನ್ನಡವನ್ನೇ ಆಡುತ್ತಿದ್ದರು. ನಾನೂ ಶ್ರವಣೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ಬಂದುಬಿಡುತ್ತಿತ್ತು.

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಭ್ರೂಣವನ್ನು ನನ್ನ ಗರ್ಭಕೋಶದಲ್ಲಿ ಇಟ್ಟಿದ್ದರು. ಅದು ನಿಂತಿದೆಯೇ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ತನಕ ದಿನವೂ ಪ್ರೊಜೆಸ್ಟರಾನ್ ಇಂಜೆಕ್ಷನ್. ಎಣ್ಣೆಯಲ್ಲಿ ಕರಗಿಸಿದ ಹಾರ್ಮೋನು, ಸ್ನಾಯುವಿನ ಆಳಕ್ಕೆ ಹೋಗಬೇಕು. ಯಾರಿಗೂ ಹೇಳಿರಲಿಲ್ಲ. ಬಾದಾಮಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳಾದ ನನ್ನನ್ನು ಕಟ್ಟಿಕೊಂಡದ್ದಕ್ಕೆ ನೆಂಟರು ಅವನಿಗೆ ಆಡಬೇಕಾದದ್ದನ್ನೆಲ್ಲ ಆಡಿ ಆಗಿತ್ತು. ಇನ್ನೊಂದು ಮಾತಿಗೆ ಜಾಗ ಕೊಡುವುದು ಬೇಡ ಎಂದಿದ್ದ.

ಆ ಬೆಳಿಗ್ಗೆ ಎಡಗಡೆಯ ಸರದಿ. ಔಷಧದ ಗಾಜಿನ ಆಂಪೂಲನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ಸೊಂಟದ ಕೆಳಗೆ ಹೊರಬದಿಗೆ ಚುಚ್ಚಿದ. "ಕಾಲು ಸಡಿಲ ಬಿಡು ಮಾರಾಯ್ತಿ. ಗುಳ್ಳ ಕೂಡ ಇಷ್ಟು ಬಿಗಿ ಹಿಡಿದಿರಲಿಲ್ಲ" ಎಂದ. ಬೈಕ್ ಹತ್ತಿ ಉಡುಪಿಗೆ ಹೊರಟವನು ಉದ್ಯಾವರದ ಸೇತುವೆ ದಾಟಲಿಲ್ಲ. ಲಾರಿ.

ಮರುದಿನ ಮನೆ ತುಂಬ ಜನ. ಸುದ್ದಿ ಕೇಳಿ ಬಂದ ರೋಸಲಿನ್, ಸೀರೆ ಬದಲಿಸುವ ನೆವ ಹೇಳಿ ನನ್ನನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಮುಂದುವರಿಸುತ್ತೀಯಾ?"

"ಅವನದ್ದು ಅಂತ ಬೇರೆ ಎಂತ ಉಂಟು, ಸಿಸ್ಟರ್?"

"ಹಾಗಾದರೆ ಕಲಿ. ಹಿಂದಕ್ಕೆ ನಿನ್ನ ಕೈ ಸರಿ ಸಿಗುವುದಿಲ್ಲ. ತೊಡೆಗೆ ತೆಗೆದುಕೋ. ಹೊರಬದಿ, ನಡುಭಾಗ. ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ."

ಸೋಪು ಹಾಕಿ ಕೈ ತೊಳೆಸಿದರು. ಸ್ಪಿರಿಟ್ ಒರೆಸಿದ ಜಾಗ ಒಣಗುವ ತನಕ ಕಾಯಿಸಿದರು. ಔಷಧ ಎಳೆಯುವ ಸೂಜಿ ಬೇರೆ, ಚುಚ್ಚುವ ಸೂಜಿ ಬೇರೆ. ಓರೆಯಾಗಿ ಅಲ್ಲ, ನೇರ.

"ಈಗ ಸ್ವಲ್ಪ ಹಿಂದಕ್ಕೆ ಎಳೆ. ರಕ್ತ ಕಂಡಿತಾ? ಕಂಡರೆ ತಳ್ಳಬಾರದು, ತೆಗೆದು ಹೊಸತು ಮಾಡಬೇಕು. ಇಲ್ಲ ಅಲ್ವಾ? ಇನ್ನು ಮೆಲ್ಲ. ಎಣ್ಣೆ ಅದು, ಅವಸರ ಮಾಡಿದರೆ ನಿನಗೇ ನೋವು."

ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗ ಕೈ ಹಿಡಿದರು. "ಬೇಡ, ಬೆರಳಿಗೆ ಚುಚ್ಚುತ್ತದೆ. ಗಟ್ಟಿ ಡಬ್ಬಿಗೆ ಹಾಕಿಡು, ನಾನು ಒಯ್ಯುತ್ತೇನೆ."

ಹೊರಡುವ ಮೊದಲು ಹೇಳಿದರು: "ಗಂಟು ಕಟ್ಟಿದರೆ ಬಿಸಿನೀರಿನ ಶಾಖ ಕೊಡು, ಕರಗುತ್ತದೆ. ಕೆಂಪಾಗಿ ಊದಿ ಜ್ವರ ಬಂದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಬರಬೇಕು. ಮತ್ತೊಂದು, ಅಶ್ವಿನಿ. ನಿದ್ದೆ, ವಾಕರಿಕೆ, ಎದೆ ಭಾರ ಎಲ್ಲ ಬರಬಹುದು. ಅದು ಔಷಧದ್ದು. ಮುಟ್ಟನ್ನೂ ಅದೇ ತಡೆಯಬಹುದು. ಪರೀಕ್ಷೆಯ ತನಕ ನಿನ್ನ ಮೈಯನ್ನು ನಂಬಬೇಡ."

ಸೂತಕದ ಮನೆಯಲ್ಲಿ ನನ್ನನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಬಚ್ಚಲಿಗೆ ಹೋದರೂ ಅತ್ತೆ ಹಿಂದೆ ಬಂದು, ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. "ಚಿಲಕ ಹಾಕಬೇಡ ಮಗಾ, ಬಾಗಿಲು ಒರಗಿಸಿದರೆ ಸಾಕು." ಹೋದವನು ಅವರ ಮಗ. ಅವರು ನನ್ನನ್ನು ಕಾಯುತ್ತಿದ್ದರು. ನಾನು ಟವೆಲಿನ ಮಡಿಕೆಯಲ್ಲಿ ಸಿರಿಂಜು ಒಯ್ದು, ಸದ್ದು ಕೇಳದಿರಲೆಂದು ಬಕೆಟ್ಟಿಗೆ ನಲ್ಲಿ ಬಿಟ್ಟು, ಆಂಪೂಲಿನ ಕುತ್ತಿಗೆ ಮುರಿಯುತ್ತಿದ್ದೆ.

ಬಂದವರೆದುರು ತೂಕಡಿಸಿದರೆ, "ಪಾಪ, ಅತ್ತು ಅತ್ತು ಸೋತಿದ್ದಾಳೆ" ಎನ್ನುತ್ತಿದ್ದರು. ನಾನು ಅತ್ತಿರಲಿಲ್ಲ. ಒಂದು ಮಧ್ಯಾಹ್ನ ನೆರೆಯವರು ತಂದ ಸಾರಿನ ವಾಸನೆಗೆ ಓಡಿಹೋಗಿ ತೆಂಗಿನ ಬುಡದಲ್ಲಿ ವಾಂತಿ ಮಾಡಿದೆ. ಅತ್ತೆ ಬೆನ್ನು ಸವರಿದರು. ಅಂದಿನಿಂದ ನನ್ನ ಗಂಜಿಗೆ ಮಿಡಿ ಉಪ್ಪಿನಕಾಯಿ ತಪ್ಪುತ್ತಿರಲಿಲ್ಲ. ಕೊಡಪಾನ ಎತ್ತಲು ಹೋದರೆ, "ಇಡು, ನಾನು ತರುತ್ತೇನೆ" ಎನ್ನುತ್ತಿದ್ದರು. ವಾಕರಿಕೆ ಔಷಧದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದು ಬಂದಾಗ ಸಂತೋಷವಾಗುತ್ತಿತ್ತು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ, ಕೆಲಸ ಮಾಡುವ ಕಾಲೇಜಿಗೆ ಹೋಗಿ ರಜೆ ಹೇಳಿ ಬರುತ್ತೇನೆಂದು ಮಣಿಪಾಲದ ಬಸ್ಸು ಹತ್ತಿದೆ. ರಕ್ತ ಕೊಟ್ಟು ಕಾರಿಡಾರಿನ ಬೆಂಚಿನಲ್ಲಿ ಕಾದೆ. ರೋಸಲಿನ್ ಬಂದು ಪಕ್ಕದಲ್ಲಿ ಕುಳಿತರು. ಕುಳಿತದ್ದರಲ್ಲೇ ತಿಳಿಯಿತು.

"ಡಾಕ್ಟರು ಇಂಜೆಕ್ಷನ್ ನಿಲ್ಲಿಸಲು ಹೇಳಿದ್ದಾರೆ" ಎಂದರು. "ನೀನು ಚುಚ್ಚಿದ್ದು ತಪ್ಪಾದದ್ದಲ್ಲ. ನಿಲ್ಲಲಿಲ್ಲ, ಅಷ್ಟೇ."

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಇದ್ದರು. "ಬಸ್ಸಿನಲ್ಲಿ ಕುಲುಕಾಟ ಆಯಿತಾ? ಮೊದಲು ಕೂತುಕೋ."

"ಅತ್ತೆ, ನೀವು ಎಣಿಸಿದ ಹಾಗೆ ಅಲ್ಲ."

"ನಾನು ಎಂತ ಎಣಿಸಿದೆ?"

"ಆ ವಾಂತಿ ಔಷಧದಿಂದ. ನಾನು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ."

"ಗೊತ್ತುಂಟು. ಹುಳ ಇಲ್ಲದೆ ಗುಳ್ಳಕ್ಕೆ ತೂತು ಬೀಳುತ್ತದಾ? ನಿಮ್ಮ ಕೋಣೆ ಗುಡಿಸುವಾಗ ಸೂಜಿಯ ಮುಚ್ಚಳ ಸಿಕ್ಕಿತ್ತು. ಹೇಳುವಾಗ ಹೇಳಲಿ ಎಂದು ಸುಮ್ಮನಿದ್ದೆ. ಬಚ್ಚಲಲ್ಲಿ ಗಾಜು ಮುರಿಯುವುದು ದಿನಾ ಕೇಳುತ್ತಿತ್ತು. ಕೇಳಿದರೆ ನನಗೊಂದು ಧೈರ್ಯ." ಆಮೇಲೆ ನನ್ನ ಮುಖ ನೋಡಿದರು. "ಔಷಧದಿಂದ ವಾಂತಿ ಬರುತ್ತದಾ?"

"ಬರುತ್ತದೆ."

"ಹಾಗಾದರೆ... ಇಲ್ಲವಾ?"

"ಇಲ್ಲ ಅತ್ತೆ."

ಅವರು ಗೋಡೆ ಹಿಡಿದು ಕೆಳಗೆ ಕುಳಿತರು. ಮಗನ ಹೆಣ ಅಂಗಳಕ್ಕೆ ಬಂದಾಗ ನಿಂತೇ ಇದ್ದವರು.

ದೀಪ ಹಚ್ಚುವ ಹೊತ್ತಿಗೆ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಕೋಣೆಗೆ ತಂದರು. "ತೋರಿಸು. ಕುಂಟುವುದು ನನಗೆ ಕಾಣುವುದಿಲ್ಲವಾ?" ತೊಡೆಯ ಗಂಟುಗಳಿಗೆ ಒಂದೊಂದಾಗಿ ಶಾಖ ಕೊಟ್ಟರು. ಚೀಲ ಎಡಗಡೆ ಸೊಂಟದತ್ತ ಸರಿದಾಗ ಅವರ ಕೈ ಹಿಡಿದೆ.

"ಅಲ್ಲಿ ಬೇಡ. ಅದು ಶ್ರವಣ್ ಚುಚ್ಚಿದ್ದು. ಶಾಖ ಕೊಟ್ಟರೆ ಕರಗಿಬಿಡುತ್ತದೆ."

ಅತ್ತೆ ಚೀಲವನ್ನು ನೆಲದ ಮೇಲಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಬೆರಳ ತುದಿಯಿಂದ ಆ ಗಂಟನ್ನು ಹುಡುಕಿದರು. ಆಗಲೇ ಸಣ್ಣದಾಗಿತ್ತು. ಒತ್ತಲಿಲ್ಲ, ಉಜ್ಜಲಿಲ್ಲ. ಅದರ ಮೇಲೆ ಅಂಗೈ ಇಟ್ಟುಕೊಂಡು ಕುಳಿತರು.

ಅಂಗೈ ಬೆಚ್ಚಗಿತ್ತು. ಅದಕ್ಕೂ ಕರಗುತ್ತದೆ ಎಂದು ನಾನು ಹೇಳಲಿಲ್ಲ.