ಮೂರನೆಯ ಕಿಂಡಿ

ಕೆರಿಬಿಯನ್ ದ್ವೀಪ ಕುರಸಾವ್‌ನಲ್ಲಿ ನಮ್ಮ ಗುಡ್ಡದ ಮೇಲಿರುವ, ಈಗ ಮ್ಯೂಸಿಯಂ ಆಗಿರುವ ಡಚ್ಚರ ದೊಡ್ಡಮನೆಯ ಗೋಡೆ ಎರಡು ಮೊಳ ದಪ್ಪ. ಅದರಲ್ಲಿ ಬಂದೂಕು ತೂರಿಸಲು ಹನ್ನೊಂದು ಕಿಂಡಿಗಳು. ಕಡಲ್ಗಳ್ಳರನ್ನು ಓಡಿಸಲು ಎಂದು ಮ್ಯೂಸಿಯಂನವರು ಅಚ್ಚು ಹಾಕಿಸಿದ್ದಾರೆ. ಸಮುದ್ರವಿರುವುದು ಮನೆಯ ಮುಂದೆ. ಕಿಂಡಿಗಳೆಲ್ಲ ಹಿತ್ತಿಲಿಗೆ, ಗುಲಾಮರ ಗುಡಿಸಲುಗಳಿದ್ದ ಕಡೆಗೆ. ಆ ಕಳ್ಳರು ಹಿತ್ತಿಲ ಬಾಗಿಲಿಂದ ಬರುವಷ್ಟು ಸಂಕೋಚದವರಿದ್ದಿರಬೇಕು.

ನಾನು ಯುಫೇಮಿಯ. ನನ್ನ ಮುತ್ತಜ್ಜಿ, ಅಜ್ಜಿ, ಅವ್ವ ಎಲ್ಲರೂ ಈ ಮನೆಯ ನೆಲ ಒರೆಸಿದವರೇ. ಹೆಬ್ಬಾಗಿಲಿನ ಕೀಲಿ ಕೈಗೆ ಬಂದದ್ದು ನಮ್ಮಲ್ಲಿ ನನಗೇ ಮೊದಲು. ಮ್ಯೂಸಿಯಂ ತೋರಿಸುವ ಕೆಲಸ ಸಿಕ್ಕಿದಾಗಿನಿಂದ, ಹನ್ನೆರಡು ವರ್ಷ, ಅದು ನನ್ನ ಸೊಂಟದಲ್ಲಿದೆ. ಅದರ ಮೇಲೆ ನನಗೆ ಪ್ರಾಣ. ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿದಿದೆ. ಕೀಲಿಯನ್ನು ಅರ್ಧ ತಿರುಗಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಂತು, ಕುಂಡೆಯಿಂದ ಒಂದು ಗುದ್ದು ಕೊಟ್ಟರೇ ತೆರೆಯುವುದು.

ಹಳೇ ಧಣಿಯ ವಂಶದ ಹಿಲ್ಲೆಗೊಂಡಾ ಅಮ್ಮನವರು ಹಾಲೆಂಡಿನಿಂದ ಬರುವ ದಿನ ಮ್ಯೂಸಿಯಂ ಕಾರ್ಯದರ್ಶಿ ಎಲ್ಪಿಡಿಯೊ ಬೆಳಿಗ್ಗೆಯೇ ಬಂದು ನನ್ನ ಕೈಗೆ ಒಂದು ಕಾಗದ ತುರುಕಿದ.

"ಇದರಲ್ಲಿರೋದನ್ನ ಮಾತ್ರ ಹೇಳು ಫೆಮಿ. ಕಡಲ್ಗಳ್ಳರು, ಧಣಿಯ ಶೌರ್ಯ, ಅಷ್ಟೇ. ಬಾಲ ಬಿಚ್ಚಿದ್ರೆ ಕೀಲಿ ಇಟ್ಟು ಹೋಗ್ತಾ ಇರು."

ನಾನು ಬಾಲ ಮಡಚಿಕೊಂಡು ಗಿಳಿಪಾಠ ಒಪ್ಪಿಸಿದೆ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಕೀಲಿ ಬೇಕಿತ್ತು. ಅಮ್ಮನವರು ತಲೆದೂಗುತ್ತಾ ಅಡುಗೆಮನೆಗೆ ಬಂದು ಮೂರನೆಯ ಕಿಂಡಿಗೆ ಕಣ್ಣಿಟ್ಟರು.

ಎಡವಟ್ಟಾದದ್ದು ಅಲ್ಲೇ. ಆ ಕಿಂಡಿಗೆ ನೇರವಾಗಿ, ಹಳೇ ಗುಡಿಸಲುಗಳ ಜಾಗದಲ್ಲೇ ಇರುವ ನಮ್ಮ ಮನೆಯ ಅಂಗಳ. ಕಿಂಡಿಯಲ್ಲಿ ಏನಾದರೂ ಅಲ್ಲಾಡಿದರೆ ನಮ್ಮ ಮನೆಯ ಹೆಂಗಸರು ಬೆನ್ನು ತಿರುಗಿಸಿ, ಲಂಗ ಎತ್ತಿ, ಬಗ್ಗುವುದು ಬಂದೂಕಿದ್ದ ಕಾಲದಿಂದ ಬಂದ ಪದ್ಧತಿ. ಇವತ್ತೊಂದು ದಿನ ಬೇಡ ಎಂದು ತಂಗಿ ಡೊರೊತೆಯಾಗೆ ಹೇಳುವುದನ್ನೇ ಮರೆತಿದ್ದೆ. ಅವಳು ಅಂಗಳದ ಒಲೆಯ ಮುಂದೆ ಫುಂಚಿ ಮುದ್ದೆ ತಿರುವುತ್ತಿದ್ದಳು. ಕೋಲು ಬದಿಗಿಟ್ಟು, ಅಜ್ಜಿ ಹೇಳಿಕೊಟ್ಟ ಹಾಗೆಯೇ, ಭಕ್ತಿಯಿಂದ ಬಗ್ಗಿದಳು.

ಅಮ್ಮನವರು ಕಿಂಡಿಯಿಂದ ಕಣ್ಣು ತೆಗೆಯಲು ಸ್ವಲ್ಪ ಹೊತ್ತೇ ಹಿಡಿಯಿತು.

"ಯಾರದು?"

"ನನ್ನ ತಂಗಿ, ಅಮ್ಮಾವ್ರೇ."

"ಬಂದೂಕು ಇಟ್ಟಿದ್ದು... ಅವರ ಕಡೆಗಾ?"

ಎಲ್ಪಿಡಿಯೊ ಕೆಮ್ಮಿದ. ನಾನು "ಹೌದು" ಎಂದೆ. ಅಷ್ಟೇ ಹೇಳಿದ್ದು. ಅಮ್ಮನವರು ಹೊರಗೆ ಹೋಗಿ ಕಾರು ಹತ್ತಿದರು. ಎಲ್ಪಿಡಿಯೊ ಕೈ ಚಾಚಿದ. ಕೀಲಿ ಕೊಟ್ಟು ಮನೆಗೆ ಬಂದು ಅತ್ತುಬಿಟ್ಟೆ.

"ಅಮ್ಮಾವ್ರ ಕಣ್ಣು ಅಂತ ನಾನೇನು ಕನಸು ಕಂಡಿದ್ನಾ ಅಕ್ಕಾ?" ಎನ್ನುತ್ತಾ ಡೊರೊತೆಯಾ ಮುದ್ದೆಗೆ ಮೇಕೆ ಸಾರು ಬಿಟ್ಟಳು.

ಮರುದಿನ ಹಡಗಿನಿಂದಿಳಿದ ನಲವತ್ತು ಪ್ರವಾಸಿಗರು ಹೆಬ್ಬಾಗಿಲ ಮುಂದೆ ಬಿಸಿಲಲ್ಲಿ ಬೇಯುತ್ತಿದ್ದರು. ಎಲ್ಪಿಡಿಯೊ ಕೀಲಿ ತಿರುಗಿಸಿದ, ಭುಜ ಕೊಟ್ಟ, ಒದ್ದ. ಕೊನೆಗೆ ಬೆವರೊರೆಸುತ್ತಾ ನಮ್ಮ ಅಂಗಳಕ್ಕೆ ಬಂದ.

"ಬಾಗಿಲು ತೆರೀತಾ ಇಲ್ಲ ಫೆಮಿ."

"ಕಡಲ್ಗಳ್ಳರನ್ನ ಕರೀರಿ. ಬಾಗಿಲು ಮುರಿಯೋದು ಅವರ ಕಸುಬು."

"ತಮಾಷೆ ಸಾಕು ಮಾರಾಯ್ತಿ, ಜನ ಕಾಯ್ತಿದ್ದಾರೆ."

"ಆ ಕಾಗದ ಹರೀರಿ, ಬರ್ತೀನಿ."

ಹರಿದ. ಕೀಲಿಯನ್ನೂ ಕೊಟ್ಟ. ನಲವತ್ತು ಜನರ ಎದುರಿಗೇ ಬಾಗಿಲಿಗೆ ಬೆನ್ನು ಮಾಡಿ ಗುದ್ದಿದೆ, ತೆರೆಯಿತು. ಎಲ್ಲರನ್ನೂ ನೇರ ಅಡುಗೆಮನೆಗೆ ಕರೆದೊಯ್ದು, ಮೂರನೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನೋಡಿ ಎಂದೆ. ಡೊರೊತೆಯಾಗೆ ಈ ಸಲ ಬೇಕೆಂದೇ ಹೇಳಿರಲಿಲ್ಲ.