ಕೆಂಪಕ್ಕ ಕೇಳಬಯಸಿದ ದನಿ

ಸಾರಕ್ಕಿಯ ಉಗ್ರಪ್ಪ ಜೆ.ಪಿ. ನಗರದ ಬೀದಿಗಳಲ್ಲಿ ಸೊಪ್ಪಿನ ಗಾಡಿ ತಳ್ಳುತ್ತಾನೆ. ಮೊದಲೆಲ್ಲ ಬೀದಿ ತುದಿಯಲ್ಲಿ ನಿಂತು ಕೂಗಿದರೆ ಮೂರನೇ ಮಹಡಿಯವರೂ ಬಾಲ್ಕನಿಗೆ ಬರುತ್ತಿದ್ದರು. ಈಗ ಗಾಡಿಗೆ ಸ್ಪೀಕರ್ ಕಟ್ಟಿದ್ದಾನೆ. ಹಿಂದೊಮ್ಮೆ ಮೊಬೈಲಿನಲ್ಲಿ ಹಿಡಿದಿಟ್ಟ ಅವನದೇ ದನಿ "ದಂಟು, ಮೆಂತ್ಯ, ಸಬ್ಬಸಿಗೆ ಸೊಪ್ಪೂ" ಎಂದು ಕೂಗುತ್ತದೆ. ಪಕ್ಕದಲ್ಲಿ ಅವನು ಕೆಮ್ಮುತ್ತಾ ನಡೆಯುತ್ತಾನೆ.

ಬೆಳಿಗ್ಗೆ ಗಾಡಿ ಹೊರಟಾಗ ಹೆಂಡತಿ ಕೆಂಪಕ್ಕ ಕೈಲಿದ್ದ ಕೆಲಸ ಬಿಟ್ಟು ಆ ದನಿ ಕೇಳುತ್ತಾ ನಿಲ್ಲುತ್ತಿದ್ದಳು. ಸಂಜೆ ಮನೆಗೆ ಬಂದ ಗಂಡ ಎರಡು ಮಾತಾಡಿದರೆ ಹೆಚ್ಚು, ಉಬ್ಬಸ ಬರುತ್ತಿತ್ತು. ಹಿಂದೆ ತಟ್ಟೆಯ ಅನ್ನ ಆರಿಹೋಗುವಷ್ಟು ಹೊತ್ತು ಅವನು ಹೇಳುತ್ತಿದ್ದ ಬೀದಿಯ ಸುದ್ದಿಗಳಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು. ಸಿಗರೇಟು ಸೇದೋದು ಬಿಡಿ ಎಂದು ಅವಳು ಅಂದರೆ, ಕೆಮ್ಮು ರೋಡಿನ ಧೂಳಿನಿಂದ ಅನ್ನುತ್ತಿದ್ದ.

ಕೊನೆಗೆ ಕೆಂಪಕ್ಕನ ತಂಗಿಯ ಮಗಳು, ಡಾಕ್ಟರ್ ಸಂಘಮಿತ್ರಾ, ಅವನ ರಕ್ತ ಪರೀಕ್ಷೆ ಮಾಡಿಸಿದಳು. ಕೊಳವೆಯೊಳಗೆ ಜೋರಾಗಿ ಊದಿಸಿ ಶ್ವಾಸಕೋಶವನ್ನೂ ನೋಡಿದಳು. ಊದುವ ಬಲ ಇರಬೇಕಾದ್ದರ ಅರ್ಧದಷ್ಟಿತ್ತು. ರಕ್ತದಲ್ಲಿ ಬಿಳಿ ಕಣಗಳು ಹೆಚ್ಚಿದ್ದವು. ಮೈಯೊಳಗೆ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಸಿ.ಆರ್.ಪಿ. ಎಂಬ ಅಂಶವೂ ಏರಿತ್ತು.

ಉಗ್ರಪ್ಪ ನಕ್ಕ. "ಬಿಳಿ ಕಣ ರೋಗದ ಜೊತೆ ಹೊಡೆದಾಡೋದು ತಾನೇ? ಜಾಸ್ತಿ ಇದ್ರೆ ಒಳ್ಳೇದೇ ಅಲ್ವೇನವ್ವಾ?"

"ಅಲ್ಲ ದೊಡ್ಡಪ್ಪ. ದಿನಾ ಸಿಗರೇಟು ಹೊಗೆ ಒಳಗೆ ಹೋದ್ರೆ ಅವು ದಿನಾ ಕೆರಳ್ತವೆ. ಕೆರಳಿ, ಉಸಿರು ತುಂಬೋ ಸಣ್ಣ ಗೂಡುಗಳನ್ನೇ ಹಾಳು ಮಾಡ್ತವೆ. ನಿಜವಾದ ಸೋಂಕು ಬಂದಾಗ ಸರಿಯಾಗಿ ಕೆಲಸ ಮಾಡಲ್ಲ. ಅದಕ್ಕೇ ನಿಮಗೆ ನೆಗಡಿ ಆದ್ರೂ ಎದೆಗೆ ಇಳಿಯೋದು."

ಸಿಗರೇಟು ಬಿಟ್ಟರೆ ಎಲ್ಲ ಮೊದಲಿನಂತಾಗುತ್ತಾ ಎಂದು ಅವನು ಕೇಳಿದ. ಹಾಳಾದದ್ದು ವಾಪಸ್ ಬರಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

ಪಕ್ಕದಲ್ಲೇ ಕೂತಿದ್ದ ಕೆಂಪಕ್ಕ ಗಂಡನ ಕಡೆ ತಿರುಗಿದಳು. "ಉಳಿದಿದ್ದೇ ಸಾಕು ಕಣ್ರೀ. ನಿಮ್ಮ ದನಿ ಕೇಳಕ್ಕೆ ನಾನು ಗಾಡಿ ಹಿಂದೆ ಬರಬೇಕಾ?"

ಉಗ್ರಪ್ಪ ಅವತ್ತೇ ಸಿಗರೇಟು ಬಿಟ್ಟ. ನಡುವೆ ಒಮ್ಮೆ ಮತ್ತೆ ಸೇದಿದ. ಸಂಘಮಿತ್ರಾ ಬೈಯಲಿಲ್ಲ, ನಿಕೋಟಿನ್ ಚೂಯಿಂಗ್ ಗಮ್ ಬರೆದುಕೊಟ್ಟು ಧೈರ್ಯ ಹೇಳಿದಳು. ಕೆಲವು ತಿಂಗಳ ಮೇಲೆ ರಕ್ತ ನೋಡಿದಾಗ ಬಿಳಿ ಕಣ, ಸಿ.ಆರ್.ಪಿ. ಎರಡೂ ಇಳಿದಿದ್ದವು.

ಈಗ ಭಾನುವಾರ ಗಂಡಹೆಂಡತಿ ಸಾರಕ್ಕಿ ಕೆರೆ ಕಡೆ ಹೋಗುತ್ತಾರೆ. ಅವನು ಸ್ವಲ್ಪ ನಡೆದು ಬೆಂಚಿನ ಮೇಲೆ ಕೂರುತ್ತಾನೆ, ಉಸಿರು ಹದಕ್ಕೆ ಬಂದಮೇಲೆ ಮಾತಾಡುತ್ತಾನೆ. ಇನ್ನೂ ಮೊದಲೇ ಬಿಟ್ಟಿದ್ದರೆ ಎಂಬುದು ಇಬ್ಬರ ಮನಸ್ಸಿನಲ್ಲೂ ಇದೆ. ಇಬ್ಬರೂ ಅದನ್ನು ಆಡುವುದಿಲ್ಲ.

ನೀವು ಸೇದುವವರಾದರೆ ಕೆಮ್ಮು ಬರಲಿ ಎಂದು ಕಾಯಬೇಡಿ. 1800-11-2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಲು ಉಚಿತವಾಗಿ ನೆರವು ಸಿಗುತ್ತದೆ. ಮನೆಯಲ್ಲಿ ಯಾರೋ ನಿಮ್ಮ ಮಾತಿಗಾಗಿ ಕಾದಿದ್ದಾರೆ.